ವ್ಯಾಕ್ಸ್ ಹಾಕಿದ ಕಾರು ತೊಳೆಯಲು ಯಾವ ಸೋಪು, ಯಾವ ಬಟ್ಟೆ, ಯಾವ ನೀರು? ದಾವಣಗೆರೆ–ಚಿತ್ರದುರ್ಗದವರಿಗೆ ಒಂದು ಹೋಲಿಕೆ

ಒಂದೇ ಡಬ್ಬಿಯ ವ್ಯಾಕ್ಸ್, ಅಂದರೆ ಕಾರಿನ ಬಣ್ಣ ಕಾಯಲು, ಹೊಳಪಿಗೆ ಅಂತ ಹಚ್ಚುವ ಮೇಣ. ಒಬ್ಬರ ಕಾರಿನ ಮೇಲೆ ಎರಡು ತಿಂಗಳು ನಿಲ್ಲುತ್ತದೆ, ಪಕ್ಕದ ಮನೆಯವರ ಕಾರಿನ ಮೇಲೆ ಹದಿನೈದು ದಿನಕ್ಕೇ ಮಾಯ. ಡಬ್ಬಿಯನ್ನು ಬೈದು ಪ್ರಯೋಜನ ಇಲ್ಲ. ನಮ್ಮ ಕಡೆ ವ್ಯಾಕ್ಸ್ ಬಹುಪಾಲು ಹೋಗುವುದು ತೊಳೆಯುವಾಗ ಮತ್ತು ಒರೆಸುವಾಗ. ಮಳೆ, ಬಿಸಿಲಿನ ಪಾಲು ಆಮೇಲಿನದು.

ಒಳ್ಳೆಯ ಪೇಸ್ಟ್ ವ್ಯಾಕ್ಸ್‌ನಲ್ಲಿ ಇರುವುದು ಕಾರ್ನೋಬಾ, ಅಂದರೆ ಬ್ರೆಜಿಲ್‌ನ ಒಂದು ಜಾತಿಯ ತಾಳೆ ಮರದ ಎಲೆಯಿಂದ ತೆಗೆಯುವ ಮೇಣ. ಅದು ಕರಗಲು ಸುಮಾರು 82ರಿಂದ 86 ಡಿಗ್ರಿ ಬಿಸಿ ಬೇಕು. ಹಾಗಾಗಿ ಏಪ್ರಿಲ್ ಬಿಸಿಲಿಗೆ ವ್ಯಾಕ್ಸ್ ಕರಗಿ ಹರಿದು ಹೋಯಿತು ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಬಿಸಿಲು ಅದರ ಆಯಸ್ಸು ಕಡಿಮೆ ಮಾಡುವುದು ನಿಜ, ಆದರೆ ಒಂದೇ ದಿನಕ್ಕೆ ಅಳಿಸಿ ಹಾಕುವುದಿಲ್ಲ. ಅದೇ ಕೆಲಸವನ್ನು ಒಂದು ಬಕೆಟ್ ಸೋಪಿನ ಪುಡಿ ನೀರು ಅರ್ಧ ಗಂಟೆಯಲ್ಲಿ ಮಾಡಿ ಮುಗಿಸುತ್ತದೆ.

ಕಾರಿನ ಬಣ್ಣದ ಮೇಲೆ ಇರುವ ಪಾರದರ್ಶಕ ಪದರ, ಮೆಕ್ಯಾನಿಕ್‌ಗಳು ಕ್ಲಿಯರ್ ಕೋಟ್ ಅನ್ನುವುದು, ಸಾಮಾನ್ಯವಾಗಿ 40–50 ಮೈಕ್ರಾನ್ ದಪ್ಪ. ತಲೆಗೂದಲಿಗಿಂತ ತೆಳು. ಅದರ ಮೇಲಿನ ವ್ಯಾಕ್ಸ್ ಇನ್ನೂ ಎಷ್ಟೋ ಪಾಲು ತೆಳು. ತೊಳೆಯುವಾಗ ಅದು ಹೋಗುವುದು ಎರಡೇ ದಾರಿಯಲ್ಲಿ. ಒಂದೋ ಯಾವುದೋ ರಾಸಾಯನಿಕ ಅದನ್ನು ಸಡಿಲ ಮಾಡಿ ಎಬ್ಬಿಸುತ್ತದೆ, ಇಲ್ಲವೇ ಯಾವುದೋ ಒರಟು ವಸ್ತು ಉಜ್ಜಿ ತೆಗೆಯುತ್ತದೆ. ಸೋಪು, ಬಟ್ಟೆ, ಅಂಗಡಿ, ಏನೇ ಆರಿಸುವಾಗಲೂ ಈ ಎರಡು ಪ್ರಶ್ನೆ ಕೇಳಿಕೊಳ್ಳಿ: ಇದು ಎಬ್ಬಿಸುತ್ತದಾ? ಇದು ಉಜ್ಜುತ್ತದಾ?

ಮೊದಲು ನಮ್ಮ ಕೊಳೆ ಎಂಥದ್ದು ನೋಡಿ

ದಾವಣಗೆರೆ ಸುತ್ತ ಎರೆ ಮಣ್ಣು. ಮಳೆಯಲ್ಲಿ ಹೊಲದ ದಾರಿ ಹಿಡಿದು ಬಂದರೆ ಚಕ್ರದ ಮೇಲಿನ ಕಮಾನಿಗೆ, ಡೋರಿನ ಕೆಳಭಾಗಕ್ಕೆ ಮೆತ್ತಿಕೊಂಡು ಬಿಡುತ್ತದೆ. ಒಣಗಿದ ಮೇಲೆ ಹೆಂಟೆ ಕಟ್ಟುತ್ತದೆ. ಮಂಡಕ್ಕಿ ಭಟ್ಟಿ ಕಡೆ ಗಾಡಿ ನಿಲ್ಲಿಸುವವರಿಗೆ ಮಸಿ ಬೇರೆ. ಅದರಲ್ಲಿ ಜಿಡ್ಡು ಇರುವುದರಿಂದ ಬರೀ ನೀರಿಗೆ ಬಿಡುವುದಿಲ್ಲ. ಚಿತ್ರದುರ್ಗದಿಂದ ಹೊಳಲ್ಕೆರೆ, ಭೀಮಸಮುದ್ರದ ಕಡೆ ಓಡಾಡುವವರಿಗೆ ಅದಿರು ಲಾರಿಗಳ ಕೆಂಪು ಧೂಳು. ಅದರಲ್ಲಿ ಕಬ್ಬಿಣದ ಅದಿರಿನ ಕಣ ಇರುತ್ತದೆ, ಒದ್ದೆಯಾಗಿ ಹಾಗೇ ಬಿಟ್ಟರೆ ತಿಳಿ ಬಣ್ಣದ ಕಾರಿನ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಬೀಳುತ್ತದೆ. ಈ ಎಲ್ಲ ಧೂಳಿನಲ್ಲೂ ಮರಳಿನ ಹರಳು ಇದ್ದೇ ಇರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಕಾರಿಗೆ ಹೇಳಿದ ಸಲಹೆ ಇಲ್ಲಿಗೆ ಹಾಗೇ ಹೊಂದುವುದಿಲ್ಲ ಅನ್ನುವುದು ಇದಕ್ಕೇ.

ಸೋಪು: ಐದು ಆಯ್ಕೆ

ಬಟ್ಟೆ ಒಗೆಯುವ ಸೋಪಿನ ಪುಡಿ ಅತಿ ಕೆಟ್ಟ ಆಯ್ಕೆ. ಅದರಲ್ಲಿ ವಾಷಿಂಗ್ ಸೋಡಾ ಇರುತ್ತದೆ, ನೀರಿಗೆ ಹಾಕಿದರೆ ಪಿಎಚ್ (ಆಮ್ಲ, ಕ್ಷಾರ ಅಳೆಯುವ ಲೆಕ್ಕ; 7 ಅಂದರೆ ಎರಡೂ ಅಲ್ಲ, ಅದಕ್ಕಿಂತ ಮೇಲೆ ಕ್ಷಾರ) 10ರ ಆಸುಪಾಸಿಗೆ ಏರುತ್ತದೆ. ಎಣ್ಣೆ, ಜಿಡ್ಡು ಎಬ್ಬಿಸುವುದೇ ಅದರ ಕಸುಬು. ಕಾಲರಿನ ಕೊಳೆ ಯಾವುದು, ನೀವು ದುಡ್ಡು ಕೊಟ್ಟು ಹಾಕಿಸಿದ ಮೇಣ ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಇದರ ಜೊತೆ ಸರಿಯಾಗಿ ಕರಗದ ಹರಳು ಸ್ಪಂಜಿಗೆ ಅಂಟಿಕೊಂಡರೆ ಉಜ್ಜುವ ಕೆಲಸವೂ ಶುರು. ಎರಡೂ ಪ್ರಶ್ನೆಗೆ ಉತ್ತರ ಹೌದು.

ಪಾತ್ರೆ ತೊಳೆಯುವ ಬಾರ್ ಸೋಪಿನಲ್ಲಿ ಉಜ್ಜುವುದಕ್ಕೆಂದೇ ಕಲ್ಲಿನ ಪುಡಿ ಬೆರೆಸಿರುತ್ತಾರೆ. ಅದನ್ನು ಕಾರಿನ ಹತ್ತಿರ ತರಲೇಬೇಡಿ. ಪಾತ್ರೆ ಲಿಕ್ವಿಡ್ ಅಷ್ಟು ಒರಟಲ್ಲ, ಪಿಎಚ್ ಕೂಡ ಪುಡಿಯಷ್ಟು ಜಾಸ್ತಿ ಇರುವುದಿಲ್ಲ. ಆದರೆ ಬಾಣಲೆಯ ಎಣ್ಣೆ ಬಿಡಿಸುವ ಹಾಗೇ ವ್ಯಾಕ್ಸ್ ಮೇಲೂ ಕೈ ಹಾಕುತ್ತದೆ. ಒಂದು ಸಲಕ್ಕೆ ಪೂರ್ತಿ ಹೋಗದಿರಬಹುದು, ವಾರವಾರ ಅದನ್ನೇ ಬಳಸಿದರೆ ವ್ಯಾಕ್ಸ್ ಹಾಕಿಸಿ ಏನು ಬಂತು? ಇದಕ್ಕೂ ಒಂದು ಸರಿಯಾದ ಜಾಗ ಇದೆ: ಹಳೆಯ ವ್ಯಾಕ್ಸ್ ತೆಗೆದು ಹೊಸದು ಹಾಕುವ ಹಿಂದಿನ ದಿನ.

ತಲೆಗೆ ಹಾಕುವ ಶಾಂಪೂ ಸ್ಯಾಶೆ ನಮ್ಮಲ್ಲಿ ಬಹಳ ಜನ ಬಳಸುತ್ತಾರೆ. ಎರಡು ರೂಪಾಯಿಯ ಎರಡು ಪ್ಯಾಕೆಟ್ ಹರಿದು ಬಕೆಟ್ಟಿಗೆ ಸುರಿದರೆ ನೊರೆಯೂ ಬರುತ್ತದೆ, ಘಮಘಮವೂ ಇರುತ್ತದೆ. ಇದನ್ನು ಆಡಿಕೊಳ್ಳುವವರು ಇದ್ದಾರೆ, ನಾನು ಆಡಿಕೊಳ್ಳುವುದಿಲ್ಲ. ತಲೆ ಶಾಂಪೂ ಸೋಪಿನ ಪುಡಿಗಿಂತ ಎಷ್ಟೋ ಮೃದು. ತೊಂದರೆ ಇರುವುದು ಅದರಲ್ಲಿರುವ ಕಂಡೀಷನರ್‌ನದ್ದು. ಒಣಗಿದ ಮೇಲೆ ಗಾಜಿನ ಮೇಲೆ ಪೊರೆ ಉಳಿಯುತ್ತದೆ, ರಾತ್ರಿ ಎದುರಿನ ಲಾರಿ ಲೈಟು ಬಿದ್ದಾಗ ಗೊತ್ತಾಗುತ್ತದೆ. ಕಾರಿನ ಶಾಂಪೂ ಮುಗಿದಿರುವ ದಿನ ಪರವಾಗಿಲ್ಲ, ರೂಢಿ ಬೇಡ.

ಕಾರ್ ಶಾಂಪೂ, ಅದರಲ್ಲೂ ಬಾಟಲಿ ಮೇಲೆ ಪಿಎಚ್ ನ್ಯೂಟ್ರಲ್ ಅಂತ ಬರೆದಿರುವುದು, ನನ್ನ ಆಯ್ಕೆ. ಪಿಎಚ್ 7ರ ಹತ್ತಿರ ಇರುವುದರಿಂದ ಮೇಣವನ್ನು ಕೆಣಕುವುದಿಲ್ಲ. ಇನ್ನೊಂದು ಗುಣ ಅದರ ಜಾರುತನ. ಹರಳು ಬಣ್ಣದ ಮೇಲೆ ಎಳೆದಾಡದೆ ನೊರೆಯ ಜೊತೆ ಜಾರಿ ಹೋಗುತ್ತದೆ. ಒಂದು ಬಕೆಟ್ಟಿಗೆ ಒಂದೆರಡು ಮುಚ್ಚಳ ಸಾಕು. ಅರ್ಧ ಲೀಟರ್ ಬಾಟಲಿ ಎಷ್ಟೋ ಸಲಕ್ಕೆ ಬರುತ್ತದೆ. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಸ್ಯಾಶೆ ರೇಟಿಗೇ ಬಂದು ನಿಲ್ಲುತ್ತದೆ. ಮುಚ್ಚಳದ ಅಳತೆಗಿಂತ ಜಾಸ್ತಿ ಸುರಿದರೆ ಜಾಸ್ತಿ ಸ್ವಚ್ಛ ಆಗುವುದಿಲ್ಲ, ತೊಳೆಯುವ ನೀರು ಮಾತ್ರ ದಂಡ.

ಐದನೆಯದು ವಾಶ್ ಅಂಡ್ ವ್ಯಾಕ್ಸ್. ತೊಳೆಯುತ್ತಲೇ ತೆಳುವಾಗಿ ಮೇಣವನ್ನೂ ಬಿಡುವ ಶಾಂಪೂ. ಹೊಸ ವ್ಯಾಕ್ಸ್‌ಗೆ ಬದಲಿ ಅಂತ ತಿಳಿಯಬೇಡಿ, ಇರುವುದಕ್ಕೆ ಒಂದಿಷ್ಟು ಆಸರೆ ಅಂತ ತಿಳಿಯಿರಿ. ಹಾಕಿ ಒಂದು ತಿಂಗಳು ದಾಟಿದ ವ್ಯಾಕ್ಸ್‌ಗೆ ಇದು ಚೆನ್ನಾಗಿ ಹೊಂದುತ್ತದೆ.

ಸೀಮೆಎಣ್ಣೆ, ಡೀಸೆಲ್ ವಿಷಯ ಒಂದೇ ಮಾತು. ಸರ್ವೀಸ್ ಆದ ಮೇಲೆ ಬಟ್ಟೆಗೆ ಸ್ವಲ್ಪ ಡೀಸೆಲ್ ಹಾಕಿ ಒರೆಸಿ ಪಳಪಳ ಮಾಡಿ ಕೊಡುವವರು ಈಗಲೂ ಇದ್ದಾರೆ. ಆ ಹೊಳಪು ಎಣ್ಣೆಯದ್ದು. ಕೆಳಗಿದ್ದ ಮೇಣ ಅದರಲ್ಲೇ ಕರಗಿ ಹೋಗಿರುತ್ತದೆ, ಸಂಜೆಯೊಳಗೆ ಮೇಲೆ ಧೂಳು ಕೂತಿರುತ್ತದೆ.

ಎಲ್ಲಿ ತೊಳೆಸುವುದು: ಮನೆಯಲ್ಲೋ, ವಾಟರ್ ಸರ್ವೀಸ್‌ನಲ್ಲೋ?

ವಾಟರ್ ಸರ್ವೀಸ್ ಅಂಗಡಿಯಲ್ಲಿ ಒಂದು ಒಳ್ಳೆಯದಿದೆ, ಒಂದು ಕೆಟ್ಟದಿದೆ. ಒಳ್ಳೆಯದು ನೀರಿನ ಜೋರು. ಎರೆ ಮಣ್ಣಿನ ಹೆಂಟೆಯನ್ನು ಮುಟ್ಟದೆ ಬೀಳಿಸಲು ಅದಕ್ಕಿಂತ ಒಳ್ಳೆಯ ಉಪಾಯ ಮನೆಯಲ್ಲಿ ಇಲ್ಲ. ಗಾಡಿ ಎತ್ತಿ ತಳಕ್ಕೂ ಹೊಡೆಯುತ್ತಾರೆ. ಕೆಟ್ಟದ್ದು ಆಮೇಲಿನದು.

ಒಮ್ಮೆ ಹತ್ತಿರ ನಿಂತು ನೋಡಿ. ಬಣ್ಣದ ಹಳೆಯ ಡಬ್ಬದಲ್ಲಿ ಸೋಪಿನ ನೀರು, ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಅದರಲ್ಲಿ ಹಾಸಿಗೆಯಿಂದ ಕಿತ್ತ ಹಾಗೆ ಕಾಣುವ ಫೋಮಿನ ತುಂಡು. ಹುಡುಗ ಅದೇ ತುಂಡಿನಿಂದ ಟೈರು ಉಜ್ಜುತ್ತಾನೆ, ಡಬ್ಬದಲ್ಲಿ ಅದ್ದುತ್ತಾನೆ, ಬಾನೆಟ್ ಮೇಲೆ ಎಳೆಯುತ್ತಾನೆ. ನಿಮ್ಮ ಕಾರಿಗಿಂತ ಮುಂಚೆ ತೊಳೆದ ಟ್ರ್ಯಾಕ್ಟರಿನ ಮಣ್ಣು ಡಬ್ಬದ ತಳದಲ್ಲಿ ಇರುತ್ತದೆ. ಅವನದೇನೂ ತಪ್ಪಿಲ್ಲ, ಅವನಿಗೆ ಕಲಿಸಿರುವುದು ಅಷ್ಟೇ, ಮತ್ತು ಹಿಂದೆ ಇನ್ನೂ ನಾಲ್ಕು ಗಾಡಿ ಕಾಯುತ್ತಿರುತ್ತವೆ. ಕೆಲವು ಕಡೆ ಗನ್‌ನಲ್ಲಿ ಹೊಡೆಯುವ ಬಿಳಿ ಫೋಮ್ ಕೂಡ ಕ್ಷಾರ ಜಾಸ್ತಿ ಇರುವ ತರದ್ದು. ಮುಟ್ಟದೆ ಕೊಳೆ ಇಳಿಸಬೇಕು ಅಂದರೆ ದ್ರಾವಣ ಕಟುವಾಗಿರಲೇಬೇಕಲ್ವಾ? ಲಾರಿಗೆ ಸರಿ, ವ್ಯಾಕ್ಸ್ ಹಾಕಿದ ಕಾರಿಗೆ ಅಲ್ಲ.

ಹಾಗಂತ ಅಂಗಡಿಗೆ ಹೋಗಲೇಬೇಡಿ ಅಂತಲ್ಲ. ಹೋಗಿ ಹೀಗೆ ಹೇಳಿ: "ತಮ್ಮಾ, ಬರೀ ನೀರು ಹೊಡಿ. ಫೋಮ್ ಬೇಡ, ಬಟ್ಟೆ ಮುಟ್ಟಿಸಬೇಡ." "ಫೋಮ್ ಹಾಕಿದ್ರೆ ಪಳಪಳ ಅಂತೈತ್ರಿ ಸರ್" ಅನ್ನುತ್ತಾನೆ. ಪೂರ್ತಿ ದುಡ್ಡು ಕೊಡುತ್ತೇನೆ ಅಂದರೆ ವಾದ ಅಲ್ಲಿಗೆ ಮುಗಿಯುತ್ತದೆ. ಗನ್ನನ್ನು ಬಣ್ಣದಿಂದ ಒಂದು ಅಡಿಗಿಂತ ಹತ್ತಿರ ತರಬಾರದು, ಚೂಪಾದ ಒಂದೇ ಧಾರೆಯ ಬದಲು ಬೀಸಣಿಗೆಯಾಗಿ ಹರಡಬೇಕು. ಎಲ್ಲಾದರೂ ಬಣ್ಣ ಚಕ್ಕೆ ಎದ್ದಿದ್ದರೆ ಅಲ್ಲಿಗೆ ಹೊಡೆಸಲೇಬೇಡಿ, ಅಂಚಿನಿಂದ ಎದ್ದು ಬರುತ್ತದೆ. ಆಮೇಲೆ ಮನೆಗೆ ತಂದು ಶಾಂಪೂ ಕೆಲಸ ನೀವೇ ಮಾಡಿ. ಮಳೆಗಾಲದಲ್ಲಿ ಈ ಅರ್ಧ-ಅರ್ಧ ವ್ಯವಸ್ಥೆಗಿಂತ ಒಳ್ಳೆಯದು ನನಗೆ ಕಂಡಿಲ್ಲ.

ಬೆಳಿಗ್ಗೆ ಬಂದು ದಿನಾ ಒರೆಸಿ ಹೋಗುವ ಹುಡುಗರ ವ್ಯವಸ್ಥೆ ದಾವಣಗೆರೆಯ ಎಂಸಿಸಿ ಬ್ಲಾಕ್, ವಿದ್ಯಾನಗರದ ಕಡೆ ಸಾಮಾನ್ಯ. ತಿಂಗಳ ಲೆಕ್ಕದಲ್ಲಿ ಅಗ್ಗ, ಗಾಡಿ ದಿನಾ ಹೊಳೆಯುತ್ತದೆ. ಆದರೆ ವ್ಯಾಕ್ಸ್ ಲೆಕ್ಕದಲ್ಲಿ ಇದಕ್ಕಿಂತ ದುಬಾರಿ ಆಯ್ಕೆ ಇನ್ನೊಂದಿಲ್ಲ. ಒಂದೇ ಬಕೆಟ್ ನೀರಿನಲ್ಲಿ ಆರೇಳು ಕಾರು. ಬಟ್ಟೆ ಹಿಂಡಿ, ಧೂಳಿನ ಮೇಲೇ ವೃತ್ತಾಕಾರವಾಗಿ ಉಜ್ಜುತ್ತಾರೆ. ಸಂಜೆ ಬೀದಿ ದೀಪದ ಕೆಳಗೆ ಕಪ್ಪು ಕಾರಿನ ಬಾನೆಟ್ ನೋಡಿದರೆ ಜೇಡರ ಬಲೆ ತರದ ಗೀರುಗಳು ಕಾಣುತ್ತವೆ, ಅದು ಈ ಉಜ್ಜಾಟದ ಫಲ. ಧೂಳು ಕೂತ ಕಾರನ್ನು ಒಣ ಬಟ್ಟೆಯಲ್ಲಿ ಒರೆಸುವುದಂತೂ ಇದಕ್ಕಿಂತಲೂ ಕೆಟ್ಟದ್ದು. ಹುಡುಗನನ್ನು ಬಿಡಿಸಲು ಮನಸ್ಸಿಲ್ಲದಿದ್ದರೆ ಗಾಜು, ಒಳಗಿನ ಮ್ಯಾಟ್, ಟೈರು ಅವನಿಗೆ ಬಿಡಿ. ಬಾಡಿ ಮುಟ್ಟುವುದು ಬೇಡ ಅಂತ ಹೇಳಿ.

ಭದ್ರಾ ನಾಲೆಯಲ್ಲಿ ನೀರು ಬಿಟ್ಟಾಗ ಗಾಡಿ ಇಳಿಸಿ ತೊಳೆಯುವವರಿಗೆ ಒಂದು ಮಾತು. ಅದು ಕೆಳಗಿನವರ ಗದ್ದೆಗೆ ಹೋಗುವ ನೀರು, ಎಷ್ಟೋ ಜನ ಕುಡಿಯುವ ನೀರು ಕೂಡ. ಆ ನೀರಿನಲ್ಲಿ ಹೂಳು ತೇಲುತ್ತಿರುತ್ತದೆ, ಮಗ್ಗಿನಲ್ಲಿ ಎತ್ತಿ ಸುರಿದು ಉಜ್ಜಿದರೆ ಕಾರಿಗೂ ಒಳ್ಳೆಯದಲ್ಲ.

ಮನೆಯಲ್ಲಿ ತೊಳೆಯುವುದಾದರೆ ಎರಡು ಬಕೆಟ್. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಮೊದಲು ಪೈಪಿನಿಂದ ಚೆನ್ನಾಗಿ ನೀರು ಬಿಟ್ಟು ಸಡಿಲ ಧೂಳು ಇಳಿಸಿ, ಇದಕ್ಕೆ ಆತುರ ಬೇಡ. ಆಮೇಲೆ ಶಾಂಪೂ ನೀರಿನಲ್ಲಿ ಅದ್ದಿ ಟಾಪ್, ಬಾನೆಟ್, ಡೋರಿನ ಮೇಲ್ಭಾಗ, ಕೊನೆಗೆ ಕೆಳಭಾಗ. ಒಂದೊಂದು ಭಾಗ ಮುಗಿದಾಗಲೂ ಬರೀ ನೀರಿನ ಬಕೆಟ್ಟಿನಲ್ಲಿ ಜಾಲಿಸಿ ಹಿಂಡಿ, ಆಮೇಲಷ್ಟೇ ಶಾಂಪೂಗೆ ಅದ್ದಿ. ಮುಗಿದ ಮೇಲೆ ಎರಡನೆಯ ಬಕೆಟ್ಟಿನ ತಳ ನೋಡಿ, ಅಲ್ಲಿ ಕೂತ ಮರಳು ಇಲ್ಲದಿದ್ದರೆ ಬಾನೆಟ್ ಮೇಲೆ ಓಡಾಡುತ್ತಿತ್ತು. ಟೈರಿಗೆ ಬೇರೆ ಬಟ್ಟೆ, ಬೇರೆ ನೀರು.

ಬಟ್ಟೆಯ ವಿಷಯ

ಹಳೆ ಬನಿಯನ್ ಮೆತ್ತಗಿರುತ್ತದೆ ಅನ್ನುವುದು ನಮ್ಮೆಲ್ಲರ ನಂಬಿಕೆ. ಕೈಗೆ ಮೆತ್ತಗೆ, ನಿಜ. ಆದರೆ ಅದರ ನೇಯ್ಗೆ ಚಪ್ಪಟೆ. ಹರಳು ಸಿಕ್ಕರೆ ಒಳಗೆ ಹೋಗಲು ಜಾಗವಿಲ್ಲ, ಬಟ್ಟೆಗೂ ಬಣ್ಣಕ್ಕೂ ನಡುವೆ ಸಿಕ್ಕಿ ಗೀರುತ್ತದೆ. ಅಂಚಿನ ಹೊಲಿಗೆಯೂ ಒರಟು. ಗ್ಯಾರೇಜಿನ ವೇಸ್ಟ್ ಬಟ್ಟೆಯಲ್ಲಿ ಗುಂಡಿ, ಝಿಪ್ಪಿನ ಚೂರು ಇರುವುದೂ ಉಂಟು. ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ದಾವಣಗೆರೆಯವನಾಗಿ ಹತ್ತಿ ಬಟ್ಟೆಯನ್ನು ದೂರಲು ಸ್ವಲ್ಪ ಸಂಕೋಚ, ಆದರೂ ಈ ಕೆಲಸಕ್ಕೆ ಮೈಕ್ರೋಫೈಬರೇ ಮೇಲು. ಅದರ ಉದ್ದ ಎಳೆಗಳ ನಡುವೆ ಧೂಳು ಒಳಗೆ ಸೇರಿಕೊಳ್ಳುತ್ತದೆ. ತೊಳೆಯಲು ಕೈಗವಸಿನ ತರದ ವಾಶ್ ಮಿಟ್, ಒರೆಸಲು ದಪ್ಪ ಮೈಕ್ರೋಫೈಬರ್ ಟವೆಲ್, ಎರಡೂ ಬೇರೆಬೇರೆ ಇರಲಿ. ಟವೆಲನ್ನು ಒತ್ತಿ ಉಜ್ಜುವ ಬದಲು ಹಾಸಿ, ಮೆಲ್ಲಗೆ ಎಳೆಯಿರಿ. ನೆಲಕ್ಕೆ ಬಿದ್ದ ಟವೆಲ್ ಅವತ್ತಿಗೆ ಟೈರಿನ ಪಾಲು.

ಷ್ಯಾಮಿ ತುಂಡು, ಅಂದರೆ ಆ ಹಳದಿ ರಬ್ಬರಿನ ತರದ್ದು, ನೀರು ಬೇಗ ಹೀರುತ್ತದೆ. ಆದರೆ ಬನಿಯನ್ನಿನ ದೋಷವೇ ಅದಕ್ಕೂ ಇದೆ. ಗಾಜಿಗೆ ಇಟ್ಟುಕೊಳ್ಳಿ.

ನೀರು: ಇಲ್ಲಿ ಜಾಸ್ತಿ ಯೋಚಿಸಬೇಕು

1997ರಲ್ಲಿ ದಾವಣಗೆರೆ ಚಿತ್ರದುರ್ಗದಿಂದ ಬೇರೆ ಜಿಲ್ಲೆ ಆಯಿತು. ಬೋರ್ ನೀರು ಮಾತ್ರ ಎರಡೂ ಕಡೆ ಈಗಲೂ ಒಂದೇ ತರ, ಗಡಸು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಹೇಳುವ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಅಳತೆ) ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ದಾರಿ ಇಲ್ಲದಿದ್ದರೆ 2000. ನಿಮ್ಮ ಬೋರಿನ ಟಿಡಿಎಸ್ 1000 ಇದೆ ಅಂದುಕೊಳ್ಳಿ. ಹಾಗಾದರೆ ಒಂದು ಲೀಟರ್ ಆರಿ ಹೋದಾಗ ಒಂದು ಗ್ರಾಂ ಲವಣ ಅಲ್ಲೇ ಕೂರುತ್ತದೆ. ಕಾರಿನ ಮೇಲೆ ಉಳಿಯುವುದು ಲೀಟರಿಗಿಂತ ಕಡಿಮೆಯೇ ಇರಬಹುದು, ಆದರೆ ಪ್ರತಿ ಹನಿಯೂ ಆರಿ ಒಂದೊಂದು ಬಿಳಿ ಉಂಗುರ ಬಿಡುತ್ತದೆ.

ವ್ಯಾಕ್ಸ್ ಹಾಕಿದ ಕಾರಿಗೆ ಇದು ಇನ್ನೂ ಜಾಸ್ತಿ ಕಾಟ. ನೀರು ಹಾಳೆಯಾಗಿ ಹರಿಯದೆ ಕೆಸುವಿನ ಎಲೆಯ ಮೇಲಿನ ಹಾಗೆ ಗುಂಡು ಗುಂಡಾಗಿ ನಿಲ್ಲುತ್ತದೆ. ನೋಡಲು ಚಂದ, ಒಣಗಲು ಬಿಟ್ಟರೆ ಒಂದೊಂದು ಗುಂಡೂ ಒಂದೊಂದು ಕಲೆ. ಆ ಕಲೆ ತೆಗೆಯಲು ಜನ ವಿನಿಗರ್ ಹಚ್ಚುತ್ತಾರೆ, ನಿಂಬೆಹಣ್ಣು ಉಜ್ಜುತ್ತಾರೆ. ಕಲೆ ಹೋಗುತ್ತದೆ, ಅದರ ಜೊತೆ ಅಲ್ಲಿನ ವ್ಯಾಕ್ಸ್ ಕೂಡ ಸೊರಗುತ್ತದೆ. ಹಚ್ಚಲೇಬೇಕಾದರೆ ವಿನಿಗರಿಗೆ ಅಷ್ಟೇ ನೀರು ಬೆರೆಸಿ, ಒಂದು ನಿಮಿಷಕ್ಕೆ ತೊಳೆದು, ಆ ಜಾಗಕ್ಕೆ ಮತ್ತೆ ವ್ಯಾಕ್ಸ್ ಹಚ್ಚಿ.

ನಲ್ಲಿ ನೀರು ಬೋರಿಗಿಂತ ಉತ್ತಮ. ದಾವಣಗೆರೆಗೆ ಬರುವುದು ತುಂಗಭದ್ರಾ ಮತ್ತು ಭದ್ರಾ ನಾಲೆಯ ನೀರು, ಚಿತ್ರದುರ್ಗಕ್ಕೆ ಸೂಳೆಕೆರೆ ಮತ್ತು ವಾಣಿ ವಿಲಾಸ ಸಾಗರದ್ದು. ಕುಡಿಯುವ ನೀರನ್ನು ಪೈಪು ಹಾಕಿ ಕಾರಿಗೆ ಸುರಿಯಿರಿ ಅಂತ ಹೇಳುವುದಿಲ್ಲ. ಪೂರ್ತಿ ಬೋರ್ ನೀರಿನಲ್ಲೇ ತೊಳೆದು, ಕೊನೆಯ ಒಂದೆರಡು ಮಗ್ ಮಾತ್ರ ನಲ್ಲಿ ನೀರು ಟಾಪ್‌ನಿಂದ ಇಳಿಬಿಡಿ. ಅಷ್ಟರಿಂದಲೇ ಕಲೆ ಎದ್ದು ಕಾಣುವಷ್ಟು ಕಡಿಮೆ ಆಗುತ್ತದೆ. ಮಳೆ ನೀರು ಹಿಡಿದಿಟ್ಟವರಿಗೆ ಇನ್ನೂ ಒಳ್ಳೆಯದು.

ಆರ್‌ಒ ಮೆಶಿನ್ನಿನಿಂದ ಹೊರಗೆ ಹೋಗುವ ನೀರನ್ನು ಕೂಡಿಟ್ಟು ಕಾರು ತೊಳೆಯುವವರು ಬಹಳ ಜನ. ನೀರು ಉಳಿಸುವ ಬುದ್ಧಿ ಮೆಚ್ಚಬೇಕು. ಆದರೆ ಆ ನೀರಿನಲ್ಲಿ ಲವಣ ಬೋರ್ ನೀರಿಗಿಂತಲೂ ಗಟ್ಟಿ. ಅದನ್ನು ನೆಲ ಒರೆಸಲು, ಟೈರಿಗೆ, ಕಾಲು ಮ್ಯಾಟಿಗೆ ಬಳಸಿ.

ಹೊತ್ತು ಕೂಡ ಮುಖ್ಯ. ಬಿಸಿಲಲ್ಲಿ ನಿಂತ ಕಡು ಬಣ್ಣದ ಕಾರಿನ ಬಾನೆಟ್ 60 ಡಿಗ್ರಿ ದಾಟುತ್ತದೆ. ಶಾಂಪೂ ಹಚ್ಚಿದಲ್ಲೇ ಒಣಗಿ ಪಟ್ಟೆ ಕಟ್ಟುತ್ತದೆ. ಬೆಳಿಗ್ಗೆ ಎಂಟರ ಒಳಗೆ, ಇಲ್ಲವೇ ಸಂಜೆ ಬಾನೆಟ್ ಮೇಲೆ ಅಂಗೈ ಇಟ್ಟರೆ ಬಿಸಿ ತಾಗದ ಹೊತ್ತಿಗೆ.

ನೀರೇ ಇಲ್ಲದವರಿಗೆ

ಬಾಡಿಗೆ ಮನೆ, ಮೇಲಿನ ಮಹಡಿ, ಬೀದಿಯಲ್ಲಿ ಪಾರ್ಕಿಂಗ್. ಇಂಥವರಿಗೆ ರಿನ್ಸ್‌ಲೆಸ್ ವಾಶ್ ಅಂತ ಒಂದು ದ್ರವ ಸಿಗುತ್ತದೆ. ಅರ್ಧ ಬಕೆಟ್ ನೀರಿಗೆ ಸ್ವಲ್ಪ ಬೆರೆಸಿ, ಮೈಕ್ರೋಫೈಬರ್ ಅದ್ದಿ ಒರೆಸಿ, ಇನ್ನೊಂದರಿಂದ ಒಣಗಿಸಿದರೆ ಮುಗಿಯಿತು, ಮತ್ತೆ ನೀರು ಸುರಿಯಬೇಕಿಲ್ಲ. ಪೈಪ್ ಹಿಡಿದು ತೊಳೆದರೆ ಹತ್ತು ನಿಮಿಷಕ್ಕೆ ನೂರು ಲೀಟರ್ ದಾಟುವ ಜಾಗದಲ್ಲಿ ಇದಕ್ಕೆ ಹತ್ತು ಲೀಟರ್ ಸಾಕು. ವ್ಯಾಕ್ಸ್‌ಗೂ ತೊಂದರೆ ಇಲ್ಲ. ಆದರೆ ಇದು ತೆಳು ಧೂಳಿಗೆ ಮಾತ್ರ. ಎರೆ ಮಣ್ಣು ಮೆತ್ತಿದ ಕಾರಿಗೆ ಇದನ್ನು ಬಳಸಿದರೆ ದಿನಾ ಒರೆಸುವ ಹುಡುಗನಿಗೂ ನಿಮಗೂ ವ್ಯತ್ಯಾಸ ಉಳಿಯುವುದಿಲ್ಲ. ಸ್ಪ್ರೇ ಹೊಡೆದು ಒರೆಸುವ ವಾಟರ್‌ಲೆಸ್ ಬಾಟಲಿಗಳನ್ನು ನಮ್ಮ ಧೂಳಿಗೆ ನಾನು ಹೇಳುವುದಿಲ್ಲ. ಶೋರೂಂ ಒಳಗೆ ನಿಂತ ಗಾಡಿಗೆ ಸರಿ.

ಕೆಲವು ಹಟಮಾರಿ ಕಲೆಗಳು

ಮಳೆಗಾಲ ಮುಗಿದ ಮೇಲೆ ರಾತ್ರಿ ಹೊತ್ತು ಹಿರಿಯೂರಿನಿಂದ ದಾವಣಗೆರೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬಂದರೆ ಬಂಪರ್ ತುಂಬ ಹುಳ. ಒಣಗಿದ ಹುಳವನ್ನು ಪಾತ್ರೆ ಉಜ್ಜುವ ನಾರಿನಿಂದ ಕೆರೆಯಬೇಡಿ. ಶಾಂಪೂ ನೀರಿನ ಒದ್ದೆ ಬಟ್ಟೆ ಹೊದಿಸಿ ಐದು ಹತ್ತು ನಿಮಿಷ ಬಿಟ್ಟರೆ ತಾನೇ ಮೆತ್ತಗಾಗುತ್ತದೆ. ಹಕ್ಕಿ ಹಿಕ್ಕೆಗೂ ಇದೇ ಮದ್ದು, ಆದರೆ ಅದಕ್ಕೆ ಭಾನುವಾರದ ತನಕ ಕಾಯಬೇಡಿ. ಅದರಲ್ಲಿ ಯೂರಿಕ್ ಆಮ್ಲ ಇರುತ್ತದೆ, ವ್ಯಾಕ್ಸ್ ಕೆಲವು ಗಂಟೆ ತಡೆಯಬಹುದು, ಬಿಸಿಲಿನಲ್ಲಿ ಅದಕ್ಕಿಂತ ಜಾಸ್ತಿ ತಡೆಯುವುದಿಲ್ಲ. ಡಾಂಬರ್ ಬಿಡಿಸುವ ದ್ರವ ವ್ಯಾಕ್ಸ್ ಅನ್ನೂ ಬಿಡಿಸುತ್ತದೆ, ಚುಕ್ಕೆಗೆ ಮಾತ್ರ ಹಚ್ಚಿ.

ಇನ್ನು ಆಯುಧಪೂಜೆ. ಬಾನೆಟ್ ಮೇಲೆ ಅರಿಶಿನ, ಅದರ ಮೇಲೆ ಕುಂಕುಮದ ದೊಡ್ಡ ಬೊಟ್ಟು, ಅದರ ಮೇಲೆ ಚೆಂಡು ಹೂವು, ಹಾರ ಜಾರದಿರಲಿ ಅಂತ ಸೆಲ್ಲೋಟೇಪು. ಪೂಜೆಯ ಗಾಡಿಯನ್ನು ಮರುದಿನವೇ ತೊಳೆಯಬಾರದು ಅಂತ ಎರಡು ಮೂರು ದಿನ ಹಾಗೇ ಓಡಿಸುತ್ತೇವೆ. ಅಷ್ಟರಲ್ಲಿ ಕುಂಕುಮದ ಬಣ್ಣ ಬಿಸಿಲಿಗೆ ಕಚ್ಚಿಕೊಂಡಿರುತ್ತದೆ, ಬಿಳಿ ಕಾರಿನ ಮೇಲೆ ಗುಲಾಬಿ ಮಚ್ಚೆ. ವ್ಯಾಕ್ಸ್ ಇದ್ದರೆ ಬಣ್ಣ ಅದರ ಮೇಲೇ ನಿಲ್ಲುವುದರಿಂದ ಸುಲಭವಾಗಿ ಹೋಗುತ್ತದೆ. ಹಾಗಾಗಿ ವ್ಯಾಕ್ಸ್ ಹಾಕುವುದಾದರೆ ದಸರಾಕ್ಕೆ ಒಂದು ವಾರ ಮುಂಚೆ ಹಾಕಿ. ಆಮೇಲೆ ತೆಗೆಯುವಾಗ ಒಣ ಪುಡಿಯನ್ನು ಕೈಯಲ್ಲಿ ಒರೆಸದೆ ಮೊದಲು ನೀರು ಬಿಡಿ. ಮನೆಯ ಹಿರಿಯರು ಒಪ್ಪಿದರೆ ಬೊಟ್ಟನ್ನು ಮುಂದಿನ ಗಾಜಿಗೆ ಇಡಿಸುವುದು ಅತಿ ಸುಲಭ.

ಹಾಗಾದರೆ ಯಾರಿಗೆ ಯಾವುದು?

ಮನೆ ಮುಂದೆ ಜಾಗ, ನೀರು ಎರಡೂ ಇದ್ದರೆ ಹತ್ತು ಹದಿನೈದು ದಿನಕ್ಕೊಮ್ಮೆ ಎರಡು ಬಕೆಟ್, ಕಾರ್ ಶಾಂಪೂ. ನಡುವಿನ ದಿನಗಳಲ್ಲಿ ಧೂಳು ಕಂಡರೆ ಸುಮ್ನೆ ನೀರು ಬಿಡಿ, ಇಲ್ಲವೇ ಹಾಗೇ ಬಿಟ್ಟುಬಿಡಿ. ಧೂಳು ಕೂತಿರುವುದರಿಂದ ವ್ಯಾಕ್ಸ್ ಹೋಗುವುದಿಲ್ಲ, ಅದನ್ನು ಒರೆಸುವುದರಿಂದ ಹೋಗುತ್ತದೆ. ಬಾಡಿಗೆಗೆ ಓಡಿಸುವ ಕಾರಾದರೆ ದಿನಾ ಹೊಳೆಯಲೇಬೇಕು, ಅಂಥವರು ಕಾರ್ನೋಬಾ ಬಿಟ್ಟು ಸಿಂಥೆಟಿಕ್ ಸೀಲಂಟ್, ಅಂದರೆ ಮೇಣದ ಬದಲು ಹಚ್ಚುವ ಕೃತಕ ರಕ್ಷಣೆಯ ಪದರ, ಹಾಕಿಸುವುದು ವಾಸಿ. ಅದು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ತಡೆಯುತ್ತದೆ. ಹೊಲ, ತೋಟ, ಗಣಿ ಕಡೆ ಓಡಾಟ ಇರುವವರು ಅಂಗಡಿಯ ಜೋರು ನೀರು, ಮನೆಯ ಶಾಂಪೂ ಜೋಡಿಸಿಕೊಳ್ಳಿ. ಸೆರಾಮಿಕ್ ಕೋಟಿಂಗ್ ಮಾಡಿಸಿದವರೂ ಇದೇ ಕ್ರಮ ಹಿಡಿಯಬೇಕು. ಅದು ಗಟ್ಟಿ ನಿಜ, ಆದರೆ ಬೋರ್ ನೀರಿನ ಕಲೆ ಅದರ ಮೇಲೂ ಬೀಳುತ್ತದೆ.

ವ್ಯಾಕ್ಸ್ ಇನ್ನೂ ಇದೆಯಾ ಅಂತ ನೋಡಲು ತೊಳೆದ ಮೇಲೆ ಒಂದು ಮಗ್ ನೀರು ಸುರಿಯಿರಿ. ಗುಂಡಾಗಿ ಉರುಳಿದರೆ ಇದೆ, ಚಪ್ಪಟೆಯಾಗಿ ಹರಡಿ ಅಂಟಿಕೊಂಡರೆ ಹೋಗಿರಬಹುದು. ಕೊಳೆ ಇರುವಾಗ ಈ ಪರೀಕ್ಷೆ ಮಾಡಬೇಡಿ, ಮಸಿಯ ಪೊರೆಯ ಮೇಲೂ ನೀರು ಹರಡುತ್ತದೆ. ಟಾಪ್ ಮತ್ತು ಬಾನೆಟ್‌ಗೆ ಬಿಸಿಲು ಜಾಸ್ತಿ, ಅಲ್ಲಿ ಬೇಗ ಹೋಗುತ್ತದೆ, ಡೋರುಗಳಲ್ಲಿ ಉಳಿದಿರುತ್ತದೆ. ಹೋದ ಕಡೆ ಮಾತ್ರ ಹೊಸದಾಗಿ ಹಾಕಿದರೆ ಸಾಕು, ಪೂರ್ತಿ ಕಾರಿಗೆ ಹಾಕಿಸಿ ಅಂತ ಅಂಗಡಿಯವರು ಹೇಳಿದರೂ.